ಒಂಬತ್ತು ಬರೆದವರಿಗೆ ಒಂದು ಸಾಲು

ಬೆಳಗಿನ ಐದೂವರೆ. ಮೂರನೇ ಮಹಡಿಯ ಕಾರಿಡಾರಿನಲ್ಲಿ ಟ್ಯೂಬ್‌ಲೈಟು ಇನ್ನೂ ಆರಿಲ್ಲ. ಎರಡೂ ಬದಿಗೆ ಮುಚ್ಚಿದ ಬಾಗಿಲುಗಳು, ಬಾಗಿಲ ಪಕ್ಕ ಚಪ್ಪಲಿಗಳು. ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ. ಗೆರೆಗೆ ಕಾಲು ಹಚ್ಚಿಕೊಂಡು ಇಬ್ಬರು ಗಂಡಸರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ಒಬ್ಬರಿಗೆ ಎಪ್ಪತ್ತಾರು ವರ್ಷ, ಕೊರಳಿಗೆ ಮಫ್ಲರ್. ಇನ್ನೊಬ್ಬರು ಅವರ ಮಗ. ಗೋಡೆಗೆ ಒರಗಿ ನಿಂತ ಹೆಂಗಸು ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ಸಿಲನ್ನು ಸರಿ ಮಾಡಿಕೊಂಡು ಒಂದು ಚಪ್ಪಾಳೆ ತಟ್ಟುತ್ತಾರೆ.

ಹಿರಿಯರು ಐದೂವರೆ ಹಾಸುಗಲ್ಲು ನಡೆದು ನಿಲ್ಲುತ್ತಾರೆ. ಮಗ ಎರಡು ಕಲ್ಲು ನಡೆದು ನಿಲ್ಲುತ್ತಾರೆ. ಎರಡನೇ ಚಪ್ಪಾಳೆ. ಹಿರಿಯರು ಈಗ ಹತ್ತನೇ ಕಲ್ಲಿನ ಮೇಲೆ, ಮಗ ನಾಲ್ಕನೆಯದರ ಮೇಲೆ. ಅಪ್ಪ ಬಸ್ಸು, ಮಗ ಸೈಕಲ್ಲು. ಬಸ್ಸಿಗೆ ಬ್ರೇಕ್ ಬಿದ್ದಿದೆ, ಹಾಗಾಗಿ ಪ್ರತಿ ಚಪ್ಪಾಳೆಗೂ ಅದರ ಓಟ ಕುಗ್ಗುತ್ತಿದೆ.

ಒಂದು ಬಾಗಿಲು ತೆರೆಯುತ್ತದೆ. ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಂದ ನೆರೆಮನೆಯಾಕೆ ಹೊಸ್ತಿಲಲ್ಲೇ ತಡೆದು ನಿಂತು, "ಅಕ್ಕಾ, ದಾಟಬಹುದಾ, ಇಲ್ಲ ಗಾಡಿ ಬರ್ತಾ ಇದೆಯಾ?" ಎಂದು ಕೇಳುತ್ತಾರೆ. ಮುಖದಲ್ಲಿ ಅಚ್ಚರಿಯೇನಿಲ್ಲ. ಈ ಕಾರಿಡಾರಿನಲ್ಲಿ ಹದಿನಾಲ್ಕು ವರ್ಷದಿಂದ ವಾಹನ ಸಂಚಾರವಿದೆ.

ಆರನೇ ಚಪ್ಪಾಳೆಗೆ ಬಸ್ಸು ಹದಿನೆಂಟನೇ ಕಲ್ಲಿನ ಮೇಲೆ ಪೂರ್ತಿ ನಿಲ್ಲುತ್ತದೆ. ಸೈಕಲ್ಲು ತನ್ನ ಪಾಡಿಗೆ ಬರುತ್ತಲೇ ಇದೆ. ಏಳು, ಎಂಟು. ಒಂಬತ್ತನೇ ಚಪ್ಪಾಳೆಗೆ ಮಗ ಅಪ್ಪನ ಪಕ್ಕ ಬಂದು ನಿಲ್ಲುತ್ತಾರೆ. ಹೆಂಗಸು ಗೋಡೆ ಬಿಟ್ಟು ಮುಂದೆ ಬಂದು, ಹದಿನೆಂಟನೇ ಕಲ್ಲನ್ನು ಬಗ್ಗಿ ನೋಡಿ, ಅದು ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡವರಂತೆ ತಲೆಯಾಡಿಸುತ್ತಾರೆ. ಇವತ್ತು ಹನ್ನೊಂದು ಗಂಟೆಗೆ ಅವರ ಪುಸ್ತಕದ ಕೊನೆಯ ಹಾಳೆಗಳು ಅಚ್ಚಿನ ಮೆಷಿನ್ನಿಗೆ ಏರುತ್ತವೆ. ಆ ಹಾಳೆಗಳಲ್ಲಿ ಒಂದು ಸಾಲು ಇರಬೇಕೆಂದು ಅವರು ಮೂರು ವಾರದಿಂದ ಹಟ ಹಿಡಿದಿದ್ದಾರೆ. ಬೇಡವೆಂದು ಪ್ರೆಸ್ಸಿನ ಮಾಲೀಕರೂ ಅಷ್ಟೇ ದಿನದಿಂದ ಹಟ ಹಿಡಿದಿದ್ದಾರೆ.

ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಕೊನೇಪುಟದಕ್ಕ ಎನ್ನುತ್ತಾರೆ. ವಿದ್ಯಾರ್ಥಿಗಳು ಭೌತಶಾಸ್ತ್ರದ ಲೆಕ್ಕ ಮಾಡಿ, ಸರಿಯೋ ತಪ್ಪೋ ನೋಡಲು ಪುಸ್ತಕದ ಹಿಂಭಾಗವನ್ನು ಸರಕ್ಕನೆ ತಿರುವಿ ಹಾಕುತ್ತಾರಲ್ಲ, ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಉತ್ತರಗಳು ಅವರವು. ಪ್ರಶ್ನೆ ಬರೆಯುವವರು ಬೇರೆ, ಉತ್ತರ ಕಂಡುಹಿಡಿದು ತಾಳೆ ನೋಡುವವರು ಇವರು. ಅದರಲ್ಲೂ ಒಂದು ವಾಹನ ಇನ್ನೊಂದನ್ನು ಹಿಂದಿಕ್ಕುವ ಲೆಕ್ಕಗಳೆಂದರೆ ಇವರ ಮೇಜಿಗೇ ಬರಬೇಕು. ಬಸ್ಸು ಲಾರಿಯನ್ನು, ಕಾರು ಬಸ್ಸನ್ನು, ಪೊಲೀಸ್ ಜೀಪು ಕಳ್ಳನ ಸ್ಕೂಟರನ್ನು. ಈ ಸಲದ ಪುಸ್ತಕದಲ್ಲಿ ಒಟ್ಟು ಸಾವಿರದ ನೂರ ಎಂಬತ್ತು ಲೆಕ್ಕಗಳಿವೆ. ದಿನಕ್ಕೆ ನಲವತ್ತು ಲೆಕ್ಕ ಮುಗಿಸುತ್ತಾರೆ. ಹಿಂದಿಕ್ಕುವ ಲೆಕ್ಕಗಳಿದ್ದ ದಿನ ಹದಿನೈದು ಆದರೆ ಹೆಚ್ಚು.

ಯಾಕೆಂದರೆ ಅವುಗಳನ್ನು ಅವರು ಮೂರು ಸಲ ಮಾಡುತ್ತಾರೆ. ಮೊದಲು ರಸ್ತೆ ಬದಿಯಲ್ಲಿ ನಿಂತವರಾಗಿ. ಆಮೇಲೆ ಮುಂದಿನ ಗಾಡಿಯಲ್ಲಿ ಕೂತು ಹಿಂದೆ ತಿರುಗಿ ನೋಡುವವರಾಗಿ. ಕೊನೆಗೆ ಹಿಂದಿನ ಗಾಡಿಯಲ್ಲಿ ಕೂತು ಮುಂದಿನದನ್ನು ನೋಡುವವರಾಗಿ. ಮೂರೂ ಕಡೆಯಿಂದ ಒಂದೇ ಉತ್ತರ ಬಂದರೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಚುಕ್ಕೆ ಬಿದ್ದ ಮೇಲೂ ಅನುಮಾನ ಹೋಗದಿದ್ದರೆ ಕಾರಿಡಾರು.

"ಲೆಕ್ಕ ಬಿಡಿಸೋದು ದೊಡ್ಡ ವಿಷಯ ಅಲ್ಲ," ಎನ್ನುತ್ತಾರೆ. "ಬಿಡಿಸಿದ್ದು ರಸ್ತೇಲಿ ನಡೆಯುತ್ತಾ ಅಂತ ನೋಡಬೇಕು. ಒಂದ್ಸಲ ಯಾರೋ ಬರೆದ ಲೆಕ್ಕದಲ್ಲಿ ಟ್ರ್ಯಾಕ್ಟರು ವಿಮಾನಕ್ಕಿಂತ ಜೋರಾಗಿ ಓಡ್ತಿತ್ತು. ಕೂಡಿಸಿದ್ದು ಕಳೆದಿದ್ದು ಎಲ್ಲ ಸರಿಯಾಗೇ ಇತ್ತು."

ಹತ್ತು ಮೀಟರ್ ಉದ್ದದ ಬಸ್ಸು ಇಪ್ಪತ್ತು ಮೀಟರ್ ಉದ್ದದ ಲಾರಿಯನ್ನು ಹಿಂದಿಕ್ಕಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನು ಅವರು ಮನೆಗೆ ಬಂದವರಿಗೆಲ್ಲ ಒಡ್ಡುತ್ತಾರೆ. ಬಸ್ಸಿನ ವೇಗ ಸೆಕೆಂಡಿಗೆ ಹದಿನೈದು ಮೀಟರ್, ಲಾರಿಯದು ಹತ್ತು. ಹತ್ತರಲ್ಲಿ ಎಂಟು ಜನ ನಾಲ್ಕು ಸೆಕೆಂಡು ಎನ್ನುತ್ತಾರಂತೆ. ಬಸ್ಸಿನ ಮೂತಿ ಲಾರಿಯ ಮೂತಿಯ ಸಮಕ್ಕೆ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಅವರು. ಬಸ್ಸಿಗೆ ಹಿಂಭಾಗವೂ ಇದೆ, ಅದೂ ದಾಟಬೇಕು, ಆರು ಸೆಕೆಂಡು ಬೇಕು ಎಂದು ವಿವರಿಸುವಾಗ ಅಕ್ಕನ ದನಿಯಲ್ಲಿ ಗೆದ್ದ ಖುಷಿಯಿಲ್ಲ, ಸ್ವಲ್ಪ ಕಳವಳವಿದೆ. ಆ ಎರಡು ಸೆಕೆಂಡಿನಲ್ಲಿ ಎದುರಿನಿಂದ ಯಾರು ಬರುತ್ತಿರುತ್ತಾರೋ ಎಂದು ಯೋಚಿಸುತ್ತಿರುವ ಹಾಗೆ.

ಅವರ ವಿದ್ಯಾಭ್ಯಾಸ ವಿಜ್ಞಾನ ಪದವಿಯ ಎರಡನೇ ವರ್ಷಕ್ಕೆ ನಿಂತಿತು. ಅಮ್ಮ ಹಾಸಿಗೆ ಹಿಡಿದರು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮದುವೆಯಾದ ಮೇಲೆ ಪ್ರೆಸ್ಸಿಗೆ ಸೇರಿದ್ದು ಹಾಳೆ ಮಡಿಸುವ ಕೆಲಸಕ್ಕೆ. ಅಚ್ಚಾದ ದೊಡ್ಡ ಹಾಳೆಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿದರೆ ಹದಿನಾರು ಪುಟ. ಬೆರಳು ಮಡಿಸುತ್ತಿದ್ದರೆ ಕಣ್ಣು ಸುಮ್ಮನಿರುತ್ತಿರಲಿಲ್ಲ, ಕಂಡ ಲೆಕ್ಕಗಳನ್ನೆಲ್ಲ ಮನಸ್ಸಿನಲ್ಲೇ ಬಿಡಿಸುತ್ತಿತ್ತು. ಮೂರನೇ ತಿಂಗಳಿಗೆ ಮಾಲೀಕರ ಮುಂದೆ ಹೋಗಿ ನಿಂತು, ಉತ್ತರಗಳಲ್ಲಿ ಏಳು ತಪ್ಪಿವೆ ಎಂದರು. ಮಾಲೀಕರು ಲೆಕ್ಕದ ಮೇಷ್ಟ್ರೊಬ್ಬರಿಗೆ ತೋರಿಸಿದರು. ಏಳಲ್ಲ, ಆರು ಎಂದರು ಮೇಷ್ಟ್ರು. ಮಾರನೇ ದಿನ ಅವರೇ ಮತ್ತೆ ಬಂದು ಏಳನೆಯದನ್ನೂ ಒಪ್ಪಿಕೊಂಡು ಹೋದರು. ಕೆಂಪು ಪೆನ್ಸಿಲ್ ಕೈಗೆ ಬಂದದ್ದು ಹಾಗೆ.

ಕೆಲಸದಲ್ಲಿ ಕಷ್ಟ ಇಲ್ಲವೆಂದಲ್ಲ. ಸಣ್ಣ ಅಕ್ಷರ ನೋಡಿ ನೋಡಿ ಕನ್ನಡಕದ ಗಾಜು ಮೂರು ಸಲ ದಪ್ಪವಾಗಿದೆ. ಪರೀಕ್ಷೆಯ ಮುಂಚಿನ ಮೂರು ತಿಂಗಳು ಕುತ್ತಿಗೆ ತಿರುಗುವುದಿಲ್ಲ. ಆದರೂ ಬೇರೆ ಕೆಲಸ ನೋಡಿಕೊಳ್ಳುವ ಯೋಚನೆ ಬಂದಿತ್ತೇ ಎಂದರೆ, ಅದೇನು ಪ್ರಶ್ನೆ ಎನ್ನುವಂತೆ ನೋಡುತ್ತಾರೆ.

ಕಾರಿಡಾರಿನ ಪದ್ಧತಿ ಶುರುವಾದದ್ದು ಮಾವನಿಂದ. ಮಾವ ಮೂವತ್ತೊಂದು ವರ್ಷ ಒಂದು ಕಚೇರಿಯಲ್ಲಿ ಲಿಫ್ಟ್ ನಡೆಸಿದವರು. ಸೊಸೆ ಕಾಗದದ ಮೇಲೆ ಕಾರು ಲಾರಿ ಎಂದು ಗೊಣಗುವುದನ್ನು ಕೇಳಿ, ತಾನು ಲಾರಿಯಾಗುತ್ತೇನೆ, ಕಾರಾಗಲು ಯಾರನ್ನಾದರೂ ಕರೆ ಎಂದರಂತೆ. ಗಡಿಯಾರ ರಿಪೇರಿ ಮಾಡುವ ಮಗ, ಅಂದರೆ ಅಕ್ಕನ ಗಂಡ, ಕಾರಾದರು. ಅಂದಿನಿಂದ ಮಾವ ಯಾವಾಗಲೂ ನಿಧಾನದ ಗಾಡಿ. ಒಂದು ಚಪ್ಪಾಳೆ ಎಂದರೆ ಲೆಕ್ಕದಲ್ಲಿ ಒಂದು ಸೆಕೆಂಡು, ಕಾರಿಡಾರಿನಲ್ಲಿ ಮಾವ ತಮ್ಮ ಜಾಗಕ್ಕೆ ತಲುಪುವಷ್ಟು ಹೊತ್ತು. ಇದು ಗಡಿಯಾರದ ಕೆಲಸದ ಮಗನಿಗೆ ಸಹಿಸಲಾಗದ ಸಂಗತಿ. "ಅಪ್ಪನ ಸೆಕೆಂಡಿನಲ್ಲಿ ನಾನೊಂದು ಗಡಿಯಾರ ಬಿಚ್ಚಿ ಜೋಡಿಸಬಹುದು," ಎಂದು ಅವರ ದೂರು. ಮಾವನ ದೂರು ಬೇರೆ. "ಮೂವತ್ತೊಂದು ವರ್ಷ ಬರೀ ಮೇಲೆ ಕೆಳಗೆ ಹೋದೆ. ಈಗ ಮುಂದೆ ಹೋಗೋಣ ಅಂದ್ರೆ ಇವಳು ಎಲ್ಲರ ಕೈಲೂ ನನ್ನನ್ನ ಹಿಂದೆ ಹಾಕಿಸ್ತಾಳೆ."

ಹನ್ನೊಂದು ವರ್ಷದ ಹಿಂದೆ ಮಾವನಿಗೆ ಕಣ್ಣಿನ ಪೊರೆ ತೆಗೆಸಿದರು. ಹದಿನೈದು ದಿನ ಕಣ್ಣಿಗೆ ಪಟ್ಟಿ, ಓಡಾಟ ಬಂದ್. ಆ ಹದಿನೈದು ದಿನದಲ್ಲಿ ಅಕ್ಕನ ಕೈ ದಾಟಿಹೋದ ಲೆಕ್ಕಗಳಲ್ಲಿ ಇನ್ನೂರ ಹದಿನಾಲ್ಕನೆಯದೂ ಒಂದು. ಒಂದು ಬಸ್ಸು ಸೆಕೆಂಡಿಗೆ ಹನ್ನೆರಡು ಮೀಟರ್ ವೇಗದಲ್ಲಿ ಹೋಗುತ್ತಿದೆ. ಸೆಕೆಂಡಿಗೆ ನಾಲ್ಕು ಮೀಟರ್ ವೇಗದ ಸೈಕಲ್ಲನ್ನು ಅದು ದಾಟುವ ಕ್ಷಣದಲ್ಲೇ ಚಾಲಕ ಬ್ರೇಕ್ ಹಾಕುತ್ತಾನೆ. ಬಸ್ಸಿನ ವೇಗ ಪ್ರತಿ ಸೆಕೆಂಡಿಗೆ ಎರಡೆರಡು ಮೀಟರಿನಷ್ಟು ಇಳಿಯುತ್ತಾ ಹೋಗಿ ಬಸ್ಸು ನಿಲ್ಲುತ್ತದೆ. ಎಷ್ಟು ಸೆಕೆಂಡಿಗೆ ಸೈಕಲ್ಲು ಬಸ್ಸನ್ನು ಸೇರುತ್ತದೆ?

ಸೂತ್ರಕ್ಕೆ ಹಾಕಿದರೆ ಎಂಟು ಬರುತ್ತದೆ. ಎರಡೇ ಸಾಲಿನ ಲೆಕ್ಕ. ಅಕ್ಕ ಚುಕ್ಕೆ ಇಟ್ಟರು, ಎಂಟು ಅಚ್ಚಾಯಿತು. ಒಮ್ಮೆ ಚುಕ್ಕೆ ಬಿದ್ದ ಹಳೆಯ ಲೆಕ್ಕವನ್ನು ಮತ್ತೆ ಬಿಡಿಸುವ ಪದ್ಧತಿಯಿಲ್ಲ, ಹಾಗಾಗಿ ವರ್ಷಕ್ಕೊಂದರಂತೆ ಹನ್ನೊಂದು ಮುದ್ರಣಗಳಲ್ಲಿ ಅಚ್ಚಾಯಿತು.

ಮೂರು ವಾರದ ಹಿಂದೆ ಒಬ್ಬ ಬಸ್ ಡ್ರೈವರ್ ಪ್ರೆಸ್ಸಿಗೆ ಬಂದರು. ವಯಸ್ಸು ಮೂವತ್ತೆಂಟು, ಮೈಮೇಲೆ ಸಮವಸ್ತ್ರ, ಕೈಯಲ್ಲಿ ಈ ಪುಸ್ತಕ. ಹದಿನೇಳನೇ ವಯಸ್ಸಿಗೆ ಬಿಟ್ಟ ಓದನ್ನು ಮತ್ತೆ ಹಿಡಿದಿದ್ದರು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದರೆ ಡಿಪೋದ ತರಬೇತಿ ಶಾಲೆಯಲ್ಲಿ ಹೊಸ ಚಾಲಕರಿಗೆ ಕಲಿಸುವ ಕೆಲಸ ಸಿಗುತ್ತದೆ. ಅವರು ಬಂದದ್ದು ಜಗಳಕ್ಕಲ್ಲ. ಪುಸ್ತಕ ವಾಪಸ್ ತೆಗೆದುಕೊಳ್ಳಿ, ಬೇರೆ ಯಾರಿಗಾದರೂ ಉಪಯೋಗವಾಗಲಿ, ನನ್ನ ತಲೆಗೆ ಇದು ಹತ್ತುವುದಿಲ್ಲ ಎಂದು ಮೇಜಿನ ಮೇಲಿಟ್ಟು ಹೊರಟರು. ಇಂಥ ಸುಲಭದ ಲೆಕ್ಕವೇ ತಪ್ಪುತ್ತದೆಂದರೆ ಕಷ್ಟದ್ದು ಹೇಗೆ ಬಂದೀತು ಎಂದು ಟ್ಯೂಷನ್ನಿನ ಮೇಷ್ಟ್ರು ಹೇಳಿದ್ದರಂತೆ.

ಯಾವ ಲೆಕ್ಕ ಎಂದು ಅಕ್ಕ ಅವರನ್ನು ತಡೆದು ಕೇಳಿದರು. ಇನ್ನೂರ ಹದಿನಾಲ್ಕು. ಪುಟದಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂಬತ್ತು ಇತ್ತು, ಅದರ ಮೇಲೆ ಅಡ್ಡಗೆರೆ ಇತ್ತು. ಒಂಬತ್ತು ಹೇಗೆ ಬಂತು ಎಂದು ಕೇಳಿದಾಗ ಡ್ರೈವರ್ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು: "ಸೂತ್ರ ಹಾಕಿಲ್ಲ ಅಕ್ಕಾ. ಬ್ರೇಕ್ ಹಾಕಿದ್ರೆ ಆರು ಸೆಕೆಂಡಿಗೆ ಗಾಡಿ ನಿಲ್ಲುತ್ತೆ, ಮೂವತ್ತಾರು ಮೀಟರ್ ಹೋಗಿರುತ್ತೆ. ಸೈಕಲ್ಲಿನವನು ಅಲ್ಲೀತನಕ ತುಳ್ಕೊಂಡು ಬರಬೇಕಲ್ಲ. ಒಂಬತ್ತು ಸೆಕೆಂಡು ಬೇಕು ಅವನಿಗೆ."

ಅಕ್ಕ ಆ ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡದೆ ಕಾರಿಡಾರಿನಲ್ಲಿ ಗೆರೆ ಎಳೆದರು. ಎರಡು ಮೀಟರಿಗೆ ಒಂದು ಕಲ್ಲು. ಮಾವ ಬಸ್ಸು ಎಂದಾಗ ಮಾವನಿಗೆ ಹಿಗ್ಗೋ ಹಿಗ್ಗು, ಮಗನನ್ನು ಮೊದಲ ಸಲ ದಾಟಿದ್ದರು. ಆರನೇ ಚಪ್ಪಾಳೆಗೆ ನಿಂತರು. ಏಳನೇ ಚಪ್ಪಾಳೆಗೆ ಅಕ್ಕ ಕೈಯಲ್ಲಿದ್ದ ಕಾಗದ ನೋಡಿ, ಅರ್ಧ ಕಲ್ಲು ಹಿಂದೆ ಬನ್ನಿ ಮಾವ ಎಂದರು. ಯಾಕೆ ಎಂದರು ಮಾವ. ಸೂತ್ರದ ಪ್ರಕಾರ ಬಸ್ಸು ಈಗ ಅಲ್ಲಿರಬೇಕು ಎಂದರು ಅಕ್ಕ. ಮಾವ ಅಲ್ಲಾಡಲಿಲ್ಲ.

"ಬ್ರೇಕ್ ಹಾಕಿದ ಬಸ್ಸು ಹಿಂದೆ ಯಾಕಮ್ಮಾ ಹೋಗುತ್ತೆ? ನಿಂತಿದ್ದೀನಿ ನಾನು."

ಸೂತ್ರಕ್ಕೆ ಬಸ್ಸು ನಿಂತದ್ದು ಗೊತ್ತಾಗುವುದಿಲ್ಲ. ಪ್ರತಿ ಸೆಕೆಂಡಿಗೆ ಎರಡು ಕಳೆ ಎಂದರೆ ಅದು ಕಳೆಯುತ್ತಲೇ ಹೋಗುತ್ತದೆ. ಸೊನ್ನೆಯಾದ ಮೇಲೂ ಕಳೆಯುತ್ತದೆ. ಹಾಗೆ ಕಳೆದು ಕಳೆದು, ನಿಂತ ಬಸ್ಸನ್ನು ನಾಲ್ಕು ಮೀಟರ್ ಹಿಂದಕ್ಕೆ ಓಡಿಸಿ, ಎಂಟನೇ ಸೆಕೆಂಡಿಗೆ ಸೈಕಲ್ಲಿಗೆ ಡಿಕ್ಕಿ ಹೊಡೆಸುತ್ತದೆ. ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇದು ನನ್ನ ಕಣ್ಣಿನ ಆಪರೇಷನ್ನಿನಿಂದ ಆದದ್ದು ಎಂದು ಮಾವ ಸಮಾಧಾನ ಮಾಡಲು ನೋಡಿದರು. "ನಿಮ್ಮ ಕಣ್ಣು ಏನು ಮಾಡುತ್ತೆ ಮಾವ," ಎಂದರು ಅಕ್ಕ. "ನನ್ನ ಕಣ್ಣು ತೆರೆದೇ ಇತ್ತಲ್ಲ."

ಮಾಲೀಕರು ಕೆಟ್ಟವರಲ್ಲ. ವಿಷಯ ಕೇಳಿದ ತಕ್ಷಣ ಎಂಟನ್ನು ಒಂಬತ್ತು ಮಾಡಿಸಲು ಒಪ್ಪಿದರು. ಅಕ್ಕನಿಗೆ ಅಷ್ಟು ಸಾಲದು. ಮೊದಲು ತಪ್ಪಾಗಿತ್ತು ಎಂದೂ ಅಚ್ಚಾಗಬೇಕು. ಅಲ್ಲಿ ಜಟಾಪಟಿ. ಸುಮ್ಮನೆ ತಿದ್ದಿದರೆ ಯಾರಿಗೂ ತಿಳಿಯುವುದಿಲ್ಲ, ಡಂಗುರ ಹೊಡೆದು ಹೇಳಿದರೆ ಉಳಿದ ಸಾವಿರ ಉತ್ತರಗಳ ಮೇಲೂ ಅನುಮಾನ ಬರುತ್ತದೆ ಎನ್ನುವುದು ಮಾಲೀಕರ ವಾದ. ಬೇಕಾದರೆ ಪ್ರಶ್ನೆ ಬರೆದ ಉಪನ್ಯಾಸಕರ ತಪ್ಪು ಎಂದು ಹಾಕೋಣ, ಅವರು ತೀರಿಕೊಂಡು ನಾಲ್ಕು ವರ್ಷವಾಯಿತು, ಬೇಜಾರು ಮಾಡಿಕೊಳ್ಳುವುದಿಲ್ಲ ಎಂದೂ ಹೇಳಿ ನೋಡಿದರು. "ಅವರು ಬಸ್ಸು ನಿಲ್ಲುತ್ತದೆ ಅಂತ ಸರಿಯಾಗೇ ಬರೆದಿದ್ದಾರೆ ಸರ್," ಎಂದರು ಅಕ್ಕ. "ಎಂಟು ನಂದು."

ಜಾಗವೂ ಇರಲಿಲ್ಲ. ಕೊನೆಯ ಪುಟ ಮೇಲಿಂದ ಕೆಳಗಿನವರೆಗೆ ಭರ್ತಿ. ಒಂದು ಸಾಲು ಹೆಚ್ಚಾದರೆ ಇನ್ನೊಂದು ಪುಟ ಬೇಕು, ಆ ಒಂದು ಪುಟಕ್ಕಾಗಿ ಹದಿನಾರು ಪುಟದ ಹೊಸ ಹಾಳೆ ಏರಿಸಬೇಕು.

ಒಂಬತ್ತೂವರೆಗೆ ಅಕ್ಕ ಪ್ರೆಸ್ಸಿಗೆ ಬರುತ್ತಾರೆ. ಮೆಷಿನ್ ಕೋಣೆಯಲ್ಲಿ ಶಾಯಿಯ, ಸೀಮೆಎಣ್ಣೆಯ ವಾಸನೆ. ಕಾಗದದ ಕಟ್ಟುಗಳ ನಡುವಿನ ಓಣಿಯಲ್ಲಿ ಅವರು ಹದಿನೆಂಟು ರದ್ದಿ ಹಾಳೆಗಳನ್ನು ಒಂದರ ಮುಂದೊಂದು ಹಾಸಿ, ಒಳಗೆ ಹೋಗಿ ಮಾಲೀಕರನ್ನು ಕರೆಯುತ್ತಾರೆ. ಎರಡೇ ನಿಮಿಷ ಎನ್ನುತ್ತಾರೆ. ಮಾಲೀಕರದು ಭಾರೀ ದೇಹ. ಅವರನ್ನು ಬಸ್ಸಾಗಿ ನಿಲ್ಲಿಸಲಾಗುತ್ತದೆ. ಕೈ ಒರೆಸಿಕೊಳ್ಳುತ್ತಾ ಬಂದ ಮೆಷಿನ್‌ಮ್ಯಾನ್ ಸೈಕಲ್ಲು. ಹಾಳೆ ಮಡಿಸುವ ಹೆಂಗಸರು ಕೆಲಸ ಬಿಟ್ಟು ಬಾಗಿಲಲ್ಲಿ ಸೇರುತ್ತಾರೆ. ಬಸ್ಸಿಗೆ ಪರ್ಮಿಟ್ ಇದೆಯಾ ಎಂದು ಅವರಲ್ಲೊಬ್ಬರು ಪಿಸುಗುಡುತ್ತಾರೆ.

ಚಪ್ಪಾಳೆ ಬೀಳುತ್ತದೆ. ಮಾಲೀಕರು ನಡೆಯುತ್ತಾರೆ, ನಿಧಾನವಾಗುತ್ತಾರೆ, ಆರಕ್ಕೆ ನಿಲ್ಲುತ್ತಾರೆ.

"ಈಗ ಹಿಂದೆ ಬನ್ನಿ ಸರ್."

"ಯಾಕೆ?"

"ನಮ್ಮ ಪುಸ್ತಕ ಹಾಗೆ ಹೇಳುತ್ತೆ. ಹನ್ನೊಂದು ವರ್ಷದಿಂದ."

ಮಾಲೀಕರು ಮುಖ ಮುಂದೆ ಮಾಡಿಕೊಂಡೇ ಹಿಂದೆ ಹೆಜ್ಜೆ ಇಡುತ್ತಾರೆ. ಏಳಕ್ಕೆ ಅರ್ಧ ಹಾಳೆ. ಎಂಟಕ್ಕೆ ಇನ್ನೂ ಒಂದೂವರೆ ಹಾಳೆ, ಅಷ್ಟರಲ್ಲಿ ಅವರ ಬೆನ್ನು ಮೆಷಿನ್‌ಮ್ಯಾನ್‌ನ ಎದೆಗೆ ತಾಗುತ್ತದೆ. ಬಾಗಿಲಲ್ಲಿ ನಗೆ ಸ್ಫೋಟಿಸುತ್ತದೆ. ಮಾಲೀಕರೂ ನಗುತ್ತಾರೆ. ನಗು ಮುಗಿದ ಮೇಲೂ ಕೊಂಚ ಹೊತ್ತು ಅವರು ಆ ಹಾಳೆಯ ಮೇಲೇ ನಿಂತಿರುತ್ತಾರೆ. ಆಮೇಲೆ, ಇಷ್ಟು ವರ್ಷದಲ್ಲಿ ಎಷ್ಟು ಜನ ಒಂಬತ್ತು ಬರೆದಿರಬಹುದು ಎಂದು ಕೇಳುತ್ತಾರೆ.

"ಗೊತ್ತಾಗೋದು ಹೇಗೆ ಸರ್," ಎನ್ನುತ್ತಾರೆ ಅಕ್ಕ. "ಹೊಡೆದು ಹಾಕಿಬಿಟ್ಟಿರ್ತಾರಲ್ಲ."

ಎಲ್ಲರೂ ಕಂಪ್ಯೂಟರ್ ಮುಂದೆ ಸೇರುತ್ತಾರೆ. ಕೊನೆಯ ಪುಟ ತೆರೆದಿದೆ. ಎಲ್ಲಿಯೂ ಜಾಗವಿಲ್ಲ. ಪುಟದ ತಳದಲ್ಲಿ, ಎರಡು ಗೆರೆಗಳ ನಡುವೆ, ದಪ್ಪ ಅಕ್ಷರದಲ್ಲಿ ಒಂದು ಸಾಲಿದೆ: ನೂರಕ್ಕೆ ನೂರು ಸರಿಯಾದ ಉತ್ತರಗಳು. ಇದು ಮಾಲೀಕರೇ ಬರೆದದ್ದು. ಅಂಗಡಿಗಳಲ್ಲಿ ಪುಸ್ತಕ ಓಡುವುದು ಇದರಿಂದಲೇ ಎಂದು ಅವರ ನಂಬಿಕೆ. ಮೂರು ವಾರದ ವಾದದಲ್ಲಿ ಅಕ್ಕ ಈ ಸಾಲಿನ ಸುದ್ದಿ ಎತ್ತಿಯೇ ಇರಲಿಲ್ಲ. ಈಗಲೂ ಎತ್ತುವುದಿಲ್ಲ, ಪರದೆಯಿಂದ ಕಣ್ಣು ತೆಗೆದು ಕಿಟಕಿಯ ಕಡೆ ನೋಡುತ್ತಾರೆ. ಮಾಲೀಕರು ಕೈ ಚಾಚುತ್ತಾರೆ. ಅಕ್ಕ ಕಿವಿಯಿಂದ ಪೆನ್ಸಿಲ್ ತೆಗೆದು ಕೊಡುತ್ತಾರೆ. ಪಕ್ಕದಲ್ಲಿದ್ದ ಕರಡು ಹಾಳೆಯ ಮೇಲೆ ಮಾಲೀಕರು ಆ ಸಾಲನ್ನು ತಾವೇ ಹೊಡೆದು ಹಾಕುತ್ತಾರೆ. "ತೊಂಬತ್ತೊಂಬತ್ತು ಚಿಲ್ಲರೆ ಅಂತ ಹಾಕಿದ್ರೆ ಯಾರು ಕೊಳ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ನಡೆಯುತ್ತಾರೆ.

ಹನ್ನೊಂದು ಗಂಟೆಗೆ ಏರಬೇಕಿದ್ದದ್ದು ಹನ್ನೊಂದೂ ಮುಕ್ಕಾಲಿಗೆ ಏರುತ್ತದೆ. ಮೆಷಿನ್ ಉಸಿರೆಳೆದುಕೊಂಡು ಓಡತೊಡಗಿದಾಗ ಮೊದಲ ಒಳ್ಳೆಯ ಹಾಳೆಯನ್ನು ಮೆಷಿನ್‌ಮ್ಯಾನ್ ಎರಡು ಮೂಲೆ ಹಿಡಿದು ತಂದು ಅಕ್ಕನ ಮುಂದೆ ಹರಡುತ್ತಾರೆ. ಶಾಯಿ ಇನ್ನೂ ಹಸಿ. ಅಕ್ಕ ಮೊದಲು ಬೇರೆ ಉತ್ತರಗಳನ್ನೆಲ್ಲ ನೋಡುತ್ತಾರೆ, ಪುಟದ ತಳಕ್ಕೆ ಬರುವುದು ಕೊನೆಗೆ. ಆ ಸಾಲು ಹೀಗಿದೆ: "ಪ್ರಶ್ನೆ 214ಕ್ಕೆ ಹಿಂದೆಲ್ಲ 8 ಎಂದು ಅಚ್ಚಾದದ್ದು ನಮ್ಮ ತಪ್ಪು. 9 ಬರೆದಿದ್ದವರು ಸರಿ."

ಮಧ್ಯಾಹ್ನ ಎರಡು ಟ್ರಿಪ್ಪುಗಳ ನಡುವೆ ಡ್ರೈವರ್ ಬರುತ್ತಾರೆ. ಅಕ್ಕ ಫೋನ್ ಮಾಡಿಸಿದ್ದರು. ಹಾಳೆಯನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಓದುತ್ತಾರೆ. ಎರಡು ಸಲ ಓದುತ್ತಾರೆ. ಅವರು ಗಡಿಯಾರ ನೋಡಿಕೊಂಡು, ಗಾಡಿ ತೆಗೆಯುವ ಹೊತ್ತಾಯಿತು ಎನ್ನುತ್ತಾರೆ. ಬಾಗಿಲವರೆಗೆ ಹೋದವರು ತಿರುಗಿ ನಿಲ್ಲುತ್ತಾರೆ.

"ಅಕ್ಕಾ, ಹಾಗಾದ್ರೆ ನನ್ನ ಪುಸ್ತಕ ಕೊಡಿ. ಇನ್ನೂರ ಹದಿನೈದರಿಂದ ಬಾಕಿ ಇದೆ."

ಮೂರು ವಾರದಿಂದ ಮೇಜಿನ ಖಾನೆಯಲ್ಲಿದ್ದ ಪುಸ್ತಕವನ್ನು ಅಕ್ಕ ತೆಗೆದು ಕೊಡುತ್ತಾರೆ. ಡ್ರೈವರ್ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಇಳಿಯುತ್ತಾರೆ. ಮುಂದಿನ ವರ್ಷದ ಪುಸ್ತಕದ ಕೆಲಸ ನಾಳೆಯಿಂದ ಶುರು. ಮೊದಲ ಹಿಂದಿಕ್ಕುವ ಲೆಕ್ಕದಲ್ಲಿ ಮಾವ ಕಾರು ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ, ಮಗನ ಆಕ್ಷೇಪಣೆ ದಾಖಲಾಗಿದೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಅಕ್ಕ ಹಸಿ ಹಾಳೆಯ ಅಂಚನ್ನು ನೇವರಿಸುತ್ತಾರೆ. ಒಂಬತ್ತು ಬರೆದವರು ಈಗ ಎಲ್ಲೆಲ್ಲೋ ಇರುತ್ತಾರೆ, ಹಳೆಯ ನೋಟ್‌ಬುಕ್ಕುಗಳು ರದ್ದಿಗೆ ಹೋಗಿರುತ್ತವೆ, ಅದೆಲ್ಲ ತನಗೂ ಗೊತ್ತು ಎನ್ನುತ್ತಾರೆ.

"ಯಾರ ಮನೇಲಾದ್ರೂ ತಮ್ಮನೋ ಮಗಳೋ ಈ ಪುಸ್ತಕ ತಂದಿರ್ತಾರೆ. ಆ ಒಂಬತ್ತು ಬರೆದವರು ಸುಮ್ನೆ ಕೊನೇ ಪುಟ ತಿರುವಿ ನೋಡಲಿ. ಓ, ಅವತ್ತು ನಾನು ಸರಿಯಾಗೇ ಇದ್ದೆ ಅಂದ್ಕೊಳ್ಳಲಿ. ಆಮೇಲೆ ಪುಸ್ತಕ ಮುಚ್ಚಿ ಅವರ ಕೆಲಸ ಅವರು ನೋಡ್ಕೊಳ್ಳಲಿ."